ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅರಸೀಕೆರೆ ತಾಲ್ಲೂಕಿನವಳು. 2001ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯಕ್ಕೆ ಬಂದೆ. ಒಂದು ಸಣ್ಣ ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸದಿಂದ ಶುರು ಮಾಡಿದೆ. ಈಗ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸಬರನ್ನು ಇಂಟರ್‌ವ್ಯೂ ಮಾಡಿ ತಗೊಳ್ಳುವವರಲ್ಲಿ ನಾನೂ ಒಬ್ಬಳು. ಹಬ್ಬಕ್ಕೆ ಊರಿಗೆ ಹೋದರೆ ಸಾಕು, ಓದು ಮುಗಿಸಿದ ಹುಡುಗರು, ಹುಡುಗಿಯರು, ಅವರ ಅಪ್ಪ-ಅಮ್ಮಂದಿರು ಬಂದು ಕೂರುತ್ತಾರೆ. ಪ್ರತಿ ಸಲವೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಎಸ್ಸೆಸ್ಸೆಲ್ಸಿ ಆಯ್ತು. ಐಟಿಐ ಒಳ್ಳೆಯದಾ, ಡಿಪ್ಲೊಮಾ ಒಳ್ಳೆಯದಾ?

ಮನೆಯಲ್ಲಿ ಬೇಗ ದುಡಿಯಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ ಐಟಿಐ. ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್ ಇವೆಲ್ಲ ಎರಡು ವರ್ಷದ ಟ್ರೇಡ್‌ಗಳು. ಮೂರು ವರ್ಷ ಓದಿಸುವ ಶಕ್ತಿ ಮನೆಗಿದ್ದರೆ, ಲೆಕ್ಕದ ಮೇಲೆ ನಿಮಗೆ ಭಯ ಇಲ್ಲದಿದ್ದರೆ ಡಿಪ್ಲೊಮಾ. ಐಟಿಐ ಮಾಡಿದವರು ಆಮೇಲೆ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಹಾಗಾಗಿ ಐಟಿಐಗೆ ಸೇರಿದರೆ ಜೀವನ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ.

ಇನ್ನೊಂದು ದಾರಿ ಇದೆ. ನಮ್ಮ ಊರುಗಳಲ್ಲಿ ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದು ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಬೇರೆ ಬೇರೆ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಾಲ್ಕು ವರ್ಷ ಜಾಸ್ತಿ ಅನ್ನಿಸಬಹುದು. ಆದರೆ ಅಲ್ಲಿಂದ ಬಂದ ಮಕ್ಕಳ ಕೈ ಬೇರೆಯೇ ಇರುತ್ತದೆ. ಲೋಹ ಉಜ್ಜುವ ಫೈಲ್ (ಅರ) ಹಿಡಿಯುವ ರೀತಿ ನೋಡಿದರೇ ಗೊತ್ತಾಗುತ್ತದೆ.

ಅಪ್ರೆಂಟಿಸ್ ಆಗಿ ಹೋಗಲಾ, ನೇರವಾಗಿ ಸಂಬಳದ ಕೆಲಸಕ್ಕೆ ಸೇರಲಾ?

ಒಳ್ಳೆಯ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಜಾಗ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ದುಡ್ಡು ಸ್ವಲ್ಪ ಕಮ್ಮಿ ಬರುತ್ತದೆ, ನಿಜ. ಆದರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅದು ಕಲಿಕೆಯ ಒಪ್ಪಂದ. ನಿಮ್ಮ ಹೆಸರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಸ್ಟೈಪೆಂಡ್ ಬ್ಯಾಂಕ್ ಖಾತೆಗೆ ಬರಬೇಕು, ಕೊನೆಗೆ ಸರ್ಟಿಫಿಕೇಟ್ ಸಿಗಬೇಕು. ಐಟಿಐ ಆದವರಿಗೆ ಎನ್‌ಎಪಿಎಸ್, ಡಿಪ್ಲೊಮಾ ಮತ್ತು ಡಿಗ್ರಿ ಆದವರಿಗೆ ಎನ್‌ಎಟಿಎಸ್ ಎಂಬ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಗಳಿವೆ.

ಒಂದು ಎಚ್ಚರಿಕೆ. 'ಟ್ರೈನಿ' ಅಂತ ಹೆಸರು ಕೊಟ್ಟು, ಯಾವ ಒಪ್ಪಂದವೂ ಇಲ್ಲದೆ, ಒಂದೇ ಮಷಿನ್ ಮುಂದೆ ವರ್ಷವಿಡೀ ನಿಲ್ಲಿಸುವ ಜಾಗಗಳೂ ಇವೆ. ಸೇರುವ ಮೊದಲೇ ಕೇಳಿ: "ಸರ್, ಒಪ್ಪಂದದ ನಂಬರ್ ಬರುತ್ತಾ? ಎಷ್ಟು ವಿಭಾಗಕ್ಕೆ ಕಳಿಸ್ತೀರಿ?" ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಕಡೆ ಸಂಬಳ ಎರಡು ಸಾವಿರ ಜಾಸ್ತಿ. ಯಾವುದಕ್ಕೆ ಹೋಗಲಿ?

ನನಗೆ ತುಂಬಾ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲ ನಾಲ್ಕೈದು ವರ್ಷ ಕಂಪನಿಯ ಹೆಸರು ನೋಡಬೇಡಿ. ಎರಡು ಸಾವಿರದ ವ್ಯತ್ಯಾಸವನ್ನೂ ದೊಡ್ಡದು ಮಾಡಬೇಡಿ. ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಅನ್ನುವುದನ್ನು ನೋಡಿ. ನಿಮ್ಮ ಮೇಲಿನವರು 'ಹೀಗೆ ಮಾಡು' ಅಂತ ಹೇಳಿ ಹೋಗುವವರಾ, 'ಯಾಕೆ ಹೀಗೆ' ಅಂತ ಹೇಳುವವರಾ?

ನನ್ನ ಅದೃಷ್ಟ, ನನಗೆ ಅಂಥವರೊಬ್ಬರು ಸಿಕ್ಕರು. ಎಚ್‌ಎಂಟಿಯಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದಿದ್ದ ಹಿರಿಯ ಫೋರ್‌ಮನ್. ನಾನು ಸೇರಿದ ಮೊದಲ ವಾರ. ಗ್ರೈಂಡಿಂಗ್ ಮಷಿನ್‌ನಿಂದ ಆಗಷ್ಟೇ ಇಳಿದ ಒಂದು ಶಾಫ್ಟ್ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. 100 ಮಿಲಿಮೀಟರ್ ಅಳತೆಯ ಜಾಬ್ (ಮಷಿನ್‌ನಲ್ಲಿ ತಯಾರಾಗುವ ಭಾಗಕ್ಕೆ ನಾವು ಜಾಬ್ ಅನ್ನುತ್ತೇವೆ). ಮೈಕ್ರೋಮೀಟರ್‌ನಲ್ಲಿ 0.03 ಜಾಸ್ತಿ ತೋರಿಸುತ್ತಿತ್ತು. 'ಓವರ್‌ಸೈಜ್' ಅಂತ ಬರೆದು ಪಕ್ಕಕ್ಕಿಟ್ಟೆ. ಅವರು ಬಂದು ನಿಂತರು.

"ಏನಮ್ಮಾ, ಜಾಬ್ ಮುಟ್ಟಿ ನೋಡಿದ್ಯಾ?"

ಮುಟ್ಟಿದೆ. ಬೆಚ್ಚಗಿತ್ತು. ತಣ್ಣಗಿಡಲು ಸುರಿಯುವ ಕೂಲೆಂಟ್ ಸರಿಯಾಗಿ ಬೀಳುತ್ತಿರಲಿಲ್ಲವಂತೆ.

"ಗ್ರಾನೈಟ್ ಟೇಬಲ್ ಮೇಲಿಡು. ಟೀ ಕುಡ್ಕೊಂಡು ಬಾ. ಆಮೇಲೆ ಅಳೆ."

ಟೀ ಕುಡಿದು ಬಂದೆ. ಬಟ್ಟೆಯಲ್ಲಿ ಜಾಬ್ ಒರೆಸಿದೆ. ಮೈಕ್ರೋಮೀಟರ್‌ನ ಎರಡು ಮುಖಗಳ ನಡುವೆ ಬಿಳಿ ಕಾಗದ ಹಿಡಿದು ಎಳೆದು ಸ್ವಚ್ಛ ಮಾಡುವುದನ್ನು ಅವರೇ ತೋರಿಸಿದರು. ರ್‍ಯಾಚೆಟ್ ಹಿಡಿದು ತಿರುಗಿಸಿದೆ. ಟಿಕ್, ಟಿಕ್, ಟಿಕ್. ಅಳತೆ ಸರಿಯಾಗಿತ್ತು! ಅವರು ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೊಟ್ಟರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. 100 ಮಿಲಿಮೀಟರ್ ಜಾಬ್ 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಹತ್ತಿರ ಹತ್ತಿರ 0.03 ಮಿಲಿಮೀಟರ್ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಪ್ರಪಂಚದಾದ್ಯಂತ ಅಳತೆಗೆ 20 ಡಿಗ್ರಿ ಅಂತ ಒಪ್ಪಿಕೊಂಡಿರುವುದು.

ಉಷ್ಣತೆಗೆ ಲೋಹ ಹಿಗ್ಗುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಅದು ಕೈಗೆ ಹತ್ತಿದ್ದು ಆ ದಿನ. ಅವರ ಹತ್ತಿರ ನಾಲ್ಕು ವರ್ಷ ಇದ್ದೆ. ನಡುವೆ ಎರಡು ಸಲ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಕರೆದರು. ಹೋಗಲಿಲ್ಲ. ಆ ನಾಲ್ಕು ವರ್ಷದಲ್ಲಿ ಕಲಿತದ್ದನ್ನೇ ಇವತ್ತಿಗೂ ಊಟ ಮಾಡುತ್ತಿದ್ದೇನೆ.

ಹಾಗಾದರೆ ಸೇರುವ ಮೊದಲೇ ಇದನ್ನು ತಿಳಿಯುವುದು ಹೇಗೆ? ಇಂಟರ್‌ವ್ಯೂ ಮುಗಿದ ಮೇಲೆ "ಒಂದು ಸಲ ಶಾಪ್ ನೋಡಬಹುದಾ ಸರ್?" ಅಂತ ಕೇಳಿ. ಟೂಲ್‌ಗಳು ಜಾಗದಲ್ಲಿ ಇವೆಯಾ, ನೆಲದ ಮೇಲೆ ಬಿದ್ದಿವೆಯಾ ನೋಡಿ. ಸೂಪರ್‌ವೈಸರ್ ಹುಡುಗರ ಜೊತೆ ಯಾವ ದನಿಯಲ್ಲಿ ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಟೀ ಅಂಗಡಿಯಲ್ಲಿ ಅದೇ ಕಂಪನಿಯ ಯೂನಿಫಾರ್ಮ್ ಹಾಕಿದವರು ಸಿಕ್ಕರೆ "ಅಣ್ಣಾ, ಇಲ್ಲಿ ಕೆಲಸ ಹೇಳಿಕೊಡ್ತಾರಾ?" ಅಂತ ಕೇಳಿ. ಅವರು ಸುಳ್ಳು ಹೇಳುವುದಿಲ್ಲ.

ಸಾಲ ತಲೆ ಮೇಲಿದ್ದರೆ ಮಾತು ಬೇರೆ. ಮನೆಗೆ ಆ ಎರಡು ಸಾವಿರ ಬೇಕೇ ಬೇಕು ಅಂದರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಕಲಿಸುವವರನ್ನು ನೀವೇ ಹುಡುಕಿಕೊಳ್ಳಿ.

ಆಪರೇಟರ್ ಆಗಿ ಸೇರಿದರೆ ಆಪರೇಟರ್ ಆಗಿಯೇ ಉಳಿದುಬಿಡ್ತೀನಾ?

ಬಟನ್ ಒತ್ತುವುದನ್ನೇ ಕೆಲಸ ಅಂದುಕೊಂಡರೆ ಹೌದು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಮುಂದೆ ಜಾಬ್ ಹಾಕುವುದು, ಬಾಗಿಲು ಮುಚ್ಚುವುದು, ಸೈಕಲ್ ಸ್ಟಾರ್ಟ್ ಒತ್ತುವುದು. ಇದನ್ನು ಎರಡು ವಾರದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಎರಡು ವಾರದಲ್ಲಿ ಕಲಿಯುವ ಕೆಲಸಕ್ಕೆ ಹತ್ತು ವರ್ಷ ಆದರೂ ಸಂಬಳ ಅಷ್ಟೇ.

ಮೇಲಿನ ಮೆಟ್ಟಿಲುಗಳು ಸೆಟ್ಟರ್ (ಹೊಸ ಜಾಬ್‌ಗೆ ಮಷಿನ್ ಸಜ್ಜು ಮಾಡುವವರು), ಪ್ರೋಗ್ರಾಮರ್, ಆಮೇಲೆ ಪ್ರೊಸೆಸ್ ಪ್ಲಾನಿಂಗ್ ಅಥವಾ ಕ್ವಾಲಿಟಿ. ಆಪರೇಟರ್ ಆಗಿದ್ದಾಗಲೇ ಸೆಟ್ಟರ್ ಪಕ್ಕ ನಿಲ್ಲಿ. ಹೊಸ ಜಾಬ್ ಸೆಟ್ಟಿಂಗ್ ಇದ್ದ ದಿನ ಶಿಫ್ಟ್ ಮುಗಿದ ಮೇಲೆ ಅರ್ಧ ಗಂಟೆ ಉಳಿದುಕೊಳ್ಳಿ. ಸ್ಕ್ರೀನ್ ಮೇಲೆ ಓಡುವ ಪ್ರೋಗ್ರಾಂ ಸುಮ್ನೆ ನೋಡಬೇಡಿ, ಓದಿ. ಜಿ54 ಅಂದರೆ ಯಾವ ಸೊನ್ನೆಯಿಂದ ಅಳೆಯುತ್ತಿದೆ, ಎಂ06 ಬಂದಾಗ ಯಾವ ಟೂಲ್ ಬದಲಾಯಿತು, ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಾಗ ಅಳತೆ ಸರಿಮಾಡಲು ಆಫ್‌ಸೆಟ್ ಎಷ್ಟು ಕೊಟ್ಟರು. ಇವೆಲ್ಲ ಕಣ್ಣೆದುರೇ ನಡೆಯುತ್ತಿರುತ್ತವೆ.

ಮತ್ತೆ ಒಂದು ನೋಟ್‌ಬುಕ್ ಇಡಿ. ಜೇಬಿಗೆ ಹಿಡಿಸುವಂಥದ್ದು. ನನ್ನ ಹಳೆಯ ಪುಸ್ತಕದ ಒಂದು ಪುಟದಲ್ಲಿ ಇಷ್ಟು ಇದೆ: ತಾರೀಕು, ಜಾಬ್ ಹೆಸರು, 'ಬೋರ್ ಟೇಪರ್ ಬರುತ್ತಿದೆ, 0.015', ಅದರ ಕೆಳಗೆ 'ಬೋರಿಂಗ್ ಬಾರ್ ಉದ್ದ ಹೊರಗೆ ಬಂದಿತ್ತು. ಒಳಗೆ ಹಾಕಿದ ಮೇಲೆ ಸರಿ.' ಅಂದರೆ ತೂತು ಒಂದು ತುದಿಯಲ್ಲಿ ದೊಡ್ಡದು, ಇನ್ನೊಂದು ತುದಿಯಲ್ಲಿ ಸಣ್ಣದಾಗುತ್ತಿತ್ತು. ಕಾರಣ ತೂತು ಕೊರೆಯುವ ಬಾರ್. ಅಷ್ಟೇ. ಎಂಟು ವರ್ಷದ ಮೇಲೆ ಬೇರೆ ಕಾರ್ಖಾನೆಯಲ್ಲಿ ಅದೇ ತೊಂದರೆ ಬಂತು. ಎಲ್ಲರೂ ಮಷಿನ್ ರಿಪೇರಿ ಮಾಡಿಸಬೇಕು ಅನ್ನುತ್ತಿದ್ದರು. ನಾನು ಬಾರ್ ನೋಡಿ ಅಂದೆ. ಆ ವರ್ಷವೇ ನನಗೆ ಪ್ರಮೋಷನ್ ಆಯಿತು.

ಇಂಟರ್‌ವ್ಯೂಗೆ ಬರುವವರಿಗೂ ಇದನ್ನೇ ಹೇಳುತ್ತೇನೆ. 'ಹಾರ್ಡ್ ವರ್ಕರ್, ಟೀಮ್ ಪ್ಲೇಯರ್' ಅಂತ ರೆಸ್ಯೂಮೆಯಲ್ಲಿ ಬರೆಯಬೇಡಿ. 'ಈ ತೊಂದರೆ ಬಂತು, ಹೀಗೆ ಸರಿ ಮಾಡಿದೆ' ಅಂತ ಎರಡು ಸಾಲು ಬರೆಯಿರಿ. ನಾನು ಅದನ್ನೇ ಮೊದಲು ಓದುತ್ತೇನೆ.

ಕೆಲಸದಲ್ಲಿ ದೊಡ್ಡ ತಪ್ಪು ಮಾಡಿದರೆ?

ಮುಚ್ಚಿಡಬೇಡಿ. ತಕ್ಷಣ ಹೇಳಿ.

ಎರಡನೇ ವರ್ಷದಲ್ಲಿ ನಾನು ಡ್ರಾಯಿಂಗ್‌ನ ಹಳೇ ರಿವಿಜನ್ (ತಿದ್ದುವ ಮುಂಚಿನ ಪ್ರತಿ) ನೋಡಿಕೊಂಡು 40 ಪೀಸ್ ಪಾಸ್ ಮಾಡಿಬಿಟ್ಟಿದ್ದೆ. ಸಂಜೆ ಗೊತ್ತಾಯಿತು. ಲಾರಿ ಲೋಡ್ ಆಗುತ್ತಿತ್ತು. ಕೈಕಾಲು ನಡುಗುತ್ತಿತ್ತು. ಓಡಿ ಹೋಗಿ ಫೋರ್‌ಮನ್‌ಗೆ ಹೇಳಿದೆ. ಬೈದರು, ಚೆನ್ನಾಗಿಯೇ ಬೈದರು. ಆದರೆ ಮಾಲು ಗೇಟ್ ದಾಟಲಿಲ್ಲ. 31 ಪೀಸ್ ರೀವರ್ಕ್ ಆಯಿತು, 9 ಸ್ಕ್ರ್ಯಾಪ್. ಕಸ್ಟಮರ್ ಕಡೆ ಹೋಗಿ ವಾಪಸ್ ಬಂದಿದ್ದರೆ ನಷ್ಟ ಎಷ್ಟೋ ಪಟ್ಟು ಆಗುತ್ತಿತ್ತು. ಅವತ್ತಿನಿಂದ ಡ್ರಾಯಿಂಗ್ ಕೈಗೆ ತಗೊಂಡರೆ ಮೊದಲು ಬಲಗಡೆ ಕೆಳಮೂಲೆಯ ರಿವಿಜನ್ ನಂಬರ್ ನೋಡುತ್ತೇನೆ.

ಈಗ ನನ್ನ ಕೈಕೆಳಗೆ ಕೆಲಸ ಮಾಡುವ ಮಕ್ಕಳು ತಪ್ಪನ್ನು ತಾವಾಗಿ ಬಂದು ಹೇಳಿದರೆ ನಾನು ಅದನ್ನು ಅವರ ವಿರುದ್ಧ ಬರೆಯುವುದಿಲ್ಲ. ನಿಮ್ಮ ಜಾಗದಲ್ಲಿ ಅಂಥ ವಾತಾವರಣ ಇಲ್ಲದಿದ್ದರೂ ಹೇಳಿ. ಮುಚ್ಚಿಟ್ಟದ್ದು ಹೊರಗೆ ಬಂದೇ ಬರುತ್ತದೆ. ಆಗ ಹೋಗುವುದು ನಂಬಿಕೆ.

ಇಂಗ್ಲಿಷ್ ಬರಲ್ಲ. ಏನು ಮಾಡಲಿ?

ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ನಾಚಿಕೆ ಬೇಡ, ನಾನೂ ಹಾಗೇ ಓದಿದ್ದು. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಬೇರೆ, ಮಾತಾಡಿ ಮಿಂಚುವ ಇಂಗ್ಲಿಷ್ ಬೇರೆ. ಮೊದಲು ಡ್ರಾಯಿಂಗ್ ಮೇಲಿನ ಟಿಪ್ಪಣಿ ಓದಲು ಬರಲಿ. ಆಮೇಲೆ ಐದು ಸಾಲಿನ ಇಮೇಲ್: ಏನಾಯಿತು, ಎಷ್ಟು ಪೀಸ್, ಏನು ಮಾಡಿದ್ದೇವೆ, ಯಾವಾಗ ಮುಗಿಯುತ್ತದೆ. ದಿನಕ್ಕೊಂದು ಇಮೇಲ್ ಬರೆದು, ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಮಾತು ತಾನಾಗಿ ಬರುತ್ತದೆ. ಜೊತೆಗೆ ಬಿಹಾರ, ಒಡಿಶಾ ಕಡೆಯ ಹುಡುಗರು ಇದ್ದೇ ಇರುತ್ತಾರೆ. ಅವರಿಂದ ನಾಲ್ಕು ಮಾತು ಹಿಂದಿ ಕಲಿಯಿರಿ, ಅವರಿಗೆ ನಾಲ್ಕು ಮಾತು ಕನ್ನಡ ಕಲಿಸಿ.

ಸಂಬಳದ ಸ್ಲಿಪ್‌ನಲ್ಲಿ ಏನೇನು ನೋಡಬೇಕು? ಪಿಎಫ್ ಹಿಡಿಯುತ್ತಾರೆ, ಅದು ನಮಗೆ ಸಿಗುತ್ತಾ?

ಸಿಗುತ್ತದೆ, ನೀವು ಕಣ್ಣಿಟ್ಟಿದ್ದರೆ.

ನಿಮ್ಮ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ ಅಂದುಕೊಳ್ಳಿ. ಅದರ ಶೇ. 12, ಅಂದರೆ 1,440 ರೂಪಾಯಿ ನಿಮ್ಮ ಸಂಬಳದಿಂದ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕಬೇಕು. ಕಂಪನಿಯ ಪಾಲಿನಲ್ಲಿ ಶೇ. 8.33, ಅಂದರೆ ಸುಮಾರು 1,000 ರೂಪಾಯಿ ಪಿಂಚಣಿ ಖಾತೆಗೆ, ಉಳಿದ 440 ಪಿಎಫ್‌ಗೆ. ಸಂಬಳ ತಿಂಗಳಿಗೆ 21,000ದ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ಇರಬೇಕು. ಅದಕ್ಕೆ ನಿಮ್ಮಿಂದ ಶೇ. 0.75, ಕಂಪನಿಯಿಂದ ಶೇ. 3.25. ಮನೆಯವರಿಗೆ ಹುಷಾರಿಲ್ಲದಾಗ ಇದರ ಬೆಲೆ ಗೊತ್ತಾಗುತ್ತದೆ. ಓಟಿ (ಓವರ್‌ಟೈಮ್) ಮಾಡಿದರೆ ಮಾಮೂಲಿ ಕೂಲಿಯ ಎರಡರಷ್ಟು ಲೆಕ್ಕ.

ನನ್ನ ಕಥೆ ಕೇಳಿ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ವರ್ಷ ಪ್ರತಿ ತಿಂಗಳೂ ಪಿಎಫ್ ಹಿಡಿದರು. ಬಿಟ್ಟ ಮೇಲೆ ವಿಚಾರಿಸಿದರೆ ಕಟ್ಟಿದ್ದು ಬರೀ 7 ತಿಂಗಳದ್ದು! ಅರ್ಜಿ ಕೊಟ್ಟು, ರಜೆ ಹಾಕಿ ಅಲೆದು, ಒಂದೂವರೆ ವರ್ಷದ ಮೇಲೆ ಉಳಿದ ದುಡ್ಡು ಬಂತು. ಬರಲು ಕಾರಣ ಒಂದೇ, ನಾನು ಎಲ್ಲ ಸಂಬಳದ ಚೀಟಿಗಳನ್ನೂ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

ಈಗ ನಿಮಗೆ ಅಷ್ಟು ಕಷ್ಟ ಇಲ್ಲ. 2014ರಿಂದ ಯುಎಎನ್ ಅಂತ ಪಿಎಫ್‌ಗೆ ಒಂದು ನಂಬರ್ ಬಂದಿದೆ. ಎಷ್ಟು ಕಂಪನಿ ಬದಲಾಯಿಸಿದರೂ ಅದು ಒಂದೇ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಬಹುದು. ಮೂರು ತಿಂಗಳಿಗೊಮ್ಮೆ ನೋಡಿ. ಕಟ್ಟಿಲ್ಲ ಅಂದರೆ ಮೊದಲು ಎಚ್‌ಆರ್ ಹತ್ತಿರ ಕೇಳಿ. ಕೆಲಸ ಆಗದಿದ್ದರೆ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಪೋರ್ಟಲ್‌ನಲ್ಲಿ ದೂರು ಕೊಡಿ. ಕಾಂಟ್ರಾಕ್ಟ್ ಮೇಲೆ ಇರುವವರಿಗೂ ಈ ಹಕ್ಕು ಇದೆ.

ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಮೊಬೈಲ್ ತಗೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷದ ಒಳಗೆ ತೆಗೆದರೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ತಿಂಗಳ ಪಿಂಚಣಿ ಸಿಗಲು ಒಟ್ಟು 10 ವರ್ಷ ಸೇವೆ ಆಗಿರಬೇಕು. ಪಿಂಚಣಿ ದುಡ್ಡನ್ನೂ ತೆಗೆದುಬಿಟ್ಟರೆ ಆ ವರ್ಷಗಳ ಲೆಕ್ಕ ಹೋಗುತ್ತದೆ.

ಕೆಲಸ ಯಾವಾಗ ಬಿಡಬೇಕು?

ಆರು ತಿಂಗಳಿಗೊಂದು ಕಂಪನಿ ಹಾರುವವರನ್ನು ಕೆಲಸಕ್ಕೆ ತಗೊಳ್ಳಲು ನಾವು ಹಿಂದೆಮುಂದೆ ನೋಡುತ್ತೇವೆ. ಹಾಗಂತ ಕಲಿಯಲು ಏನೂ ಉಳಿಯದ ಕಡೆ ನಿಷ್ಠೆ ಅಂತ ಕೂರುವುದೂ ಬೇಡ. ನಾನು ಮಾಡುತ್ತಿದ್ದದ್ದು ಇಷ್ಟು: ಯುಗಾದಿಗೆ ಊರಿಗೆ ಹೋದಾಗ ನೋಟ್‌ಬುಕ್ ತೆಗೆದು ಹಿಂದಿನ ಒಂದು ವರ್ಷದ ಪುಟಗಳನ್ನು ಓದುವುದು. ಹೊಸದೇನಾದರೂ ಇದ್ದರೆ ಇನ್ನೊಂದು ವರ್ಷ. ಬರೀ ಹಳೆಯದೇ ಇದ್ದರೆ ಹುಡುಕಲು ಶುರು.

ಬಿಡುವ ಮುಂಚೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಇಡುಗಂಟು, ಲೆಕ್ಕ ಹಾಕಿ. ಕಾಯಂ ನೌಕರರಿಗೆ ಒಂದೇ ಕಡೆ ಐದು ವರ್ಷ ಆಗಿರಬೇಕು. ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 20,800 ರೂಪಾಯಿ ಇದ್ದು 6 ವರ್ಷ ಆಗಿದ್ದರೆ 72,000 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಕೋಪ ಮಾಡಿಕೊಂಡು ಎದ್ದು ಬಂದರೆ ಯಾರಿಗೆ ನಷ್ಟ? 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಕೊಟ್ಟಿದ್ದಾರೆ.

ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿ. ರಿಲೀವಿಂಗ್ ಲೆಟರ್ ಕೈಗೆ ತಗೊಂಡೇ ಬನ್ನಿ. ಹೊಸ ಆಫರ್ ಕಾಗದದ ಮೇಲೆ ಬರದೆ ಹಳೇ ಕೆಲಸಕ್ಕೆ ರಾಜೀನಾಮೆ ಬೇಡ.

ಕೆಲಸ ಮಾಡಿಕೊಂಡೇ ಬಿಇ ಓದಬಹುದಾ?

ಡಿಪ್ಲೊಮಾ ಆದವರು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಕೆಲಸದಲ್ಲಿ ಇರುವವರಿಗೆ ಅನುಕೂಲವಾಗುವ ಸಮಯದಲ್ಲಿ ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೆಲವು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಕಷ್ಟ, ಆದರೆ ಆಗುತ್ತದೆ. ನಮ್ಮಲ್ಲೇ ಇಬ್ಬರು ಮುಗಿಸಿದ್ದಾರೆ.

ಅಂಚೆ ಮೂಲಕ ಎಂಜಿನಿಯರಿಂಗ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಎಂಜಿನಿಯರಿಂಗ್‌ನಂಥ ತಾಂತ್ರಿಕ ಶಿಕ್ಷಣ ಅಂಚೆ ಮೂಲಕ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

ಸರ್ಕಾರಿ ಕೆಲಸಕ್ಕೆ ಕಾಯಲಾ? ಮನೆಯಲ್ಲಿ ಅದೇ ಭದ್ರ ಅಂತಾರೆ.

ಪರೀಕ್ಷೆ ಬರೆಯಿರಿ, ಖಂಡಿತ ಬರೆಯಿರಿ. ರೈಲ್ವೆ, ಕೆಪಿಟಿಸಿಎಲ್, ಬಿಇಎಲ್, ಎಚ್‌ಎಎಲ್, ಇಸ್ರೋ, ಎಲ್ಲಕ್ಕೂ ಅರ್ಜಿ ಹಾಕಿ. ಆದರೆ ಕೆಲಸ ಬಿಟ್ಟು ಕೋಣೆಯಲ್ಲಿ ಕೂತು ನಾಲ್ಕೈದು ವರ್ಷ ಕಳೆಯಬೇಡಿ. ಎರಡು ವರ್ಷ ಅಂತ ಗೆರೆ ಹಾಕಿಕೊಳ್ಳಿ. ಆ ಎರಡು ವರ್ಷವೂ ಕೈಯಲ್ಲಿ ಒಂದು ಕೆಲಸ ಇರಲಿ. ಓದು ಮುಗಿದು 180 ದಿನ ಆದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅದು ಫಾರ್ಮು, ಬಸ್ ಚಾರ್ಜಿಗೆ ಆಗುತ್ತದೆ.

ಭದ್ರತೆ ಬಗ್ಗೆ ಒಂದು ಮಾತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯಿತು. 1961ರಲ್ಲಿ ವಾಚ್ ಬಂತು. ನಮ್ಮ ತುಮಕೂರಿನಲ್ಲೂ ವಾಚ್ ಕಾರ್ಖಾನೆ ಇತ್ತು. ಎಚ್‌ಎಂಟಿಯಲ್ಲಿ ಕೆಲಸ ಇದ್ದವರಿಗೆ ಹೆಣ್ಣು ಕೊಡಲು ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ನನಗೆ ಮೈಕ್ರೋಮೀಟರ್ ಹಿಡಿಯಲು ಕಲಿಸಿದ ಫೋರ್‌ಮನ್ ಅಲ್ಲಿಂದ ಬಂದವರೇ ಅಲ್ವಾ? ಅವರು ವಿಆರ್‌ಎಸ್ ತಗೊಂಡ ಮೂರನೇ ವಾರಕ್ಕೆ ಪೀಣ್ಯದಲ್ಲಿ ಕೆಲಸಕ್ಕೆ ಕರೆದರಂತೆ. ಅವರ ಜೊತೆ ಬಿಟ್ಟ ಕೆಲವರು ವರ್ಷಗಟ್ಟಲೆ ಮನೆಯಲ್ಲೇ ಕೂತರು ಅಂತ ಬೇಜಾರಿನಿಂದ ಹೇಳುತ್ತಿದ್ದರು.

ನಮ್ಮ ಮಗಳನ್ನು ಕಾರ್ಖಾನೆ ಕೆಲಸಕ್ಕೆ ಕಳಿಸಬಹುದಾ ಮೇಡಂ?

ಕಳಿಸಿ. ನನ್ನಪ್ಪ ಕಳಿಸಿದ್ದಕ್ಕೇ ನಾನು ಇವತ್ತು ಇಲ್ಲಿದ್ದೇನೆ. ನಮ್ಮ ಡಿಪ್ಲೊಮಾ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಈಗ ನಮ್ಮ ಶಾಪಿನಲ್ಲಿ ಸಿಎನ್‌ಸಿ ನಡೆಸುವ ಹೆಣ್ಣುಮಕ್ಕಳೇ ಹನ್ನೊಂದು ಜನ ಇದ್ದಾರೆ.

ಕಣ್ಣು ಮುಚ್ಚಿ ಕಳಿಸಿ ಅಂತ ಹೇಳುತ್ತಿಲ್ಲ. ಶೌಚಾಲಯ ಹೇಗಿದೆ, ಬಟ್ಟೆ ಬದಲಾಯಿಸಲು ಕೋಣೆ ಇದೆಯಾ, ಶಿಫ್ಟ್ ಮುಗಿದ ಮೇಲೆ ವಾಹನ ಇದೆಯಾ, ಒಮ್ಮೆ ಬಂದು ನೀವೇ ನೋಡಿ. ರಾತ್ರಿ ಪಾಳಿಗೆ ಹೆಣ್ಣುಮಗಳ ಲಿಖಿತ ಒಪ್ಪಿಗೆ ಬೇಕು, ಹೋಗಿಬರಲು ವಾಹನ ಕೊಡಬೇಕು. 10 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ, 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ದೂರನ್ನು ಮೂರು ತಿಂಗಳ ಒಳಗೆ ಬರಹದಲ್ಲಿ ಕೊಡಬೇಕು. ಸಮಿತಿಯ ಸದಸ್ಯರ ಹೆಸರು ಗೋಡೆ ಮೇಲೆ ಹಾಕಿದ್ದಾರಾ ನೋಡಿ.

ಮದುವೆ, ಹೆರಿಗೆ ಆದ ಮೇಲೆ ಕೆಲಸ ಹೋಯಿತು ಅಂತಲೂ ಅಲ್ಲ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ನಾನು ಮಗನಿಗೆ ಒಂದು ವರ್ಷ ತುಂಬುವ ಮೊದಲೇ ವಾಪಸ್ ಬಂದೆ. ಅತ್ತೆ ಊರಿಂದ ಬಂದು ನಮ್ಮ ಜೊತೆ ಉಳಿದರು. ಅವರು ಬರದಿದ್ದರೆ ಆಗುತ್ತಿರಲಿಲ್ಲ. ಮಗಳ ದುಡಿಮೆ ನಿಲ್ಲಬಾರದು ಅಂದರೆ ಮನೆಯವರೂ ಕೈ ಜೋಡಿಸಬೇಕು.

ಬೆಂಗಳೂರಿಗೇ ಬರಬೇಕಾ?

ಬೇಡ. ಬೆಳಗಾವಿಯ ಉದ್ಯಮಬಾಗದಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿಗಳಿವೆ. ಹುಬ್ಬಳ್ಳಿ-ಧಾರವಾಡ, ಮೈಸೂರಿನ ಹೆಬ್ಬಾಳ, ಕೋಲಾರದ ನರಸಾಪುರ, ತುಮಕೂರಿನ ವಸಂತನರಸಾಪುರ, ಎಲ್ಲ ಕಡೆ ಕೆಲಸ ಇದೆ. ಸಂಬಳ ಸ್ವಲ್ಪ ಕಮ್ಮಿ ಇದ್ದರೂ ರೂಮ್ ಬಾಡಿಗೆ ಉಳಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಕಲಿಸುವವರು ಬೆಂಗಳೂರಿನಲ್ಲಿ ಸಿಕ್ಕಿದ್ದರೆ ನಾಲ್ಕು ವರ್ಷ ಕಲಿತು ಆಮೇಲೆ ಊರ ಕಡೆ ಹೋಗಿ.

ಗಲ್ಫ್‌ಗೆ ಕಳಿಸ್ತೀವಿ ಅಂತ ಒಬ್ಬರು ಒಂದೂವರೆ ಲಕ್ಷ ಕೇಳ್ತಿದ್ದಾರೆ.

ಕೊಡಬೇಡಿ! ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚಿಗೆ ಸೇವಾಶುಲ್ಕ ತಗೊಳ್ಳುವಂತಿಲ್ಲ. ರಸೀದಿಯನ್ನೂ ಕೊಡಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ಇದೆಯಾ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಬದಲಾಯಿಸಿಕೊಳ್ಳಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಇಲ್ಲೂ ಅಷ್ಟೇ, ಕೆಲಸ ಕೊಡಿಸಲು ದುಡ್ಡು ಕೇಳುವ ಯಾವ ಕನ್ಸಲ್ಟೆನ್ಸಿಯನ್ನೂ ನಂಬಬೇಡಿ.

ಎಲ್ಲ ಸರಿ ಇದೆ, ಆದರೂ ಕೆಲಸದಲ್ಲಿ ಖುಷಿ ಇಲ್ಲ. ನನಗೆ ಹೊಂದಲ್ಲ ಅಂತ ಅರ್ಥಾನಾ?

ಒಂದೇ ಸಲಕ್ಕೆ ಹಾಗೆ ತೀರ್ಮಾನ ಮಾಡಬೇಡಿ. ನಿದ್ದೆ ಸರಿಯಾಗಿ ಆಗುತ್ತಿದೆಯಾ? ವಾರ ವಾರ ಶಿಫ್ಟ್ ಬದಲಾದರೆ ಎಂಥವರಿಗೂ ಜೀವನ ಸಾಕಪ್ಪ ಅನ್ನಿಸುತ್ತದೆ. ಮೆಸ್ ಊಟ ಬಿಟ್ಟು ಒಂದು ಹೊತ್ತಾದರೂ ಅಡುಗೆ ಮಾಡಿಕೊಳ್ಳುತ್ತಿದ್ದೀರಾ? ಮಾತಾಡಲು ಜನ ಇದ್ದಾರಾ? ಮೊದಲು ಇವನ್ನು ಸರಿ ಮಾಡಿಕೊಂಡು ಮೂರು ತಿಂಗಳು ನೋಡಿ.

ಆಮೇಲೂ ಹಾಗೇ ಇದ್ದರೆ, ಕೆಲಸದ ಯಾವ ಭಾಗ ಬೇಜಾರು ಅಂತ ಬಿಡಿಸಿ ನೋಡಿ. ನಮ್ಮಲ್ಲಿ ಒಬ್ಬ ಹುಡುಗ ಪ್ರೊಡಕ್ಷನ್‌ನಲ್ಲಿ ದಿನಾ ಸಪ್ಪಗಿರುತ್ತಿದ್ದ. ಬಿಡುತ್ತೇನೆ ಅಂದ. ಮಾತಾಡಿಸಿದರೆ ಗೊತ್ತಾಯಿತು, ಅವನಿಗೆ ಬೇಜಾರಾಗಿದ್ದು ಒಂದೇ ಜಾಬ್ ದಿನವಿಡೀ ಮಾಡುವುದು. ಮಷಿನ್ ಕೆಟ್ಟ ದಿನ ಮಾತ್ರ ಅವನ ಮುಖ ಅರಳುತ್ತಿತ್ತು. ಮೇಂಟೆನೆನ್ಸ್‌ಗೆ ಹಾಕಿಸಿದೆವು. ಈಗ ರಾತ್ರಿ ಎರಡು ಗಂಟೆಗೆ ಕರೆದರೂ ಬರುತ್ತಾನೆ.

ನನಗೆ ಏನು ಖುಷಿ ಅಂತಲೂ ಕೇಳುತ್ತಾರೆ. ನಮ್ಮಲ್ಲಿ ಆಗುವ ಒಂದು ಭಾಗ ಬಸ್ಸುಗಳ ಬ್ರೇಕ್‌ಗೆ ಹೋಗುತ್ತದೆ. ಅಂಗೈಯಷ್ಟು ಗಾತ್ರ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಪ್ರತಿ ಬ್ಯಾಚ್‌ಗೂ ನನ್ನ ಸಹಿ ಇರುತ್ತದೆ. ಸಹಿ ಹಾಕುವಾಗ ಇವತ್ತಿಗೂ ನನ್ನ ಮನಸ್ಸು ಬೇರೆ ಕಡೆ ಹೋಗುವುದಿಲ್ಲ.

ಮುಂದಿನ ವಾರ ಸೇರಬೇಕು. ಏನೇನು ತಗೊಂಡು ಬರಲಿ ಅಕ್ಕ?

ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ. ತೋರಿಸಲು ಕೇಳಿದರೆ ತೋರಿಸಿ ವಾಪಸ್ ತಗೊಳ್ಳಿ, ಕಂಪನಿಯಲ್ಲಿ ಬಿಟ್ಟು ಬರಬೇಡಿ. ಜೆರಾಕ್ಸ್ ಐದು ಸೆಟ್. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಥರ ಇರಬೇಕು. ಇಲ್ಲದಿದ್ದರೆ ಪಿಎಫ್‌ನಲ್ಲಿ ತೊಂದರೆ. ಈಗಲೇ ಸರಿ ಮಾಡಿಸಿ.

ಸೇಫ್ಟಿ ಶೂ ಕಂಪನಿ ಕೊಡಬೇಕು, ಆದರೆ ಕೊಡುವವರೆಗೆ ಗಟ್ಟಿ ಬೂಟು ಇರಲಿ, ಚಪ್ಪಲಿಯಲ್ಲಿ ಶಾಪ್ ಒಳಗೆ ಕಾಲಿಡಬೇಡಿ. ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿ ಟೋಪಿ ಹಾಕಿ. ಉಂಗುರ, ಕೈದಾರ, ಬಳೆ ತೆಗೆದಿಡಿ. ತಿರುಗುವ ಮಷಿನ್ ಹತ್ತಿರ ಗ್ಲೌಸ್ ಬೇಡ, ಎಳೆದುಕೊಳ್ಳುತ್ತದೆ.

ದುಡ್ಡು 45 ದಿನಕ್ಕೆ ಆಗುವಷ್ಟು ತನ್ನಿ. ತಿಂಗಳು ಮುಗಿದ ಮೇಲೆ 7ನೇ ತಾರೀಕಿನ ಹೊತ್ತಿಗೆ ಸಂಬಳ ಬರುವುದು ವಾಡಿಕೆ. ತಿಂಗಳ ಕೊನೆಗೆ ಸೇರಿದರೆ ಮೊದಲ ಸಲ ಕೈಗೆ ಬರುವುದು ನಾಲ್ಕೈದು ದಿನದ ಸಂಬಳ ಮಾತ್ರ. ಪಿಜಿ ಅಡ್ವಾನ್ಸ್ ಬೇರೆ ಇರುತ್ತದೆ. ಮತ್ತೆ ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್, ಎರಡು ಪೆನ್ನು. ಎಣ್ಣೆ ಕೈಯಲ್ಲಿ ಜೆಲ್ ಪೆನ್ ಬರೆಯುವುದಿಲ್ಲ, ಬಾಲ್ ಪೆನ್ನೇ ತನ್ನಿ.